ಹದಿನಾಲ್ಕಕ್ಕ ಅರಳೂ ಮೊಗ್ಗಿ

ಹೊಳೆಪ್ಪನ ಕೈಗುಣಾ ಮಮದಾಪುರದಾಗ ಸಣ್ಣ ಹುಡುಗ್ರಿಗೂ ಗೊತ್ತು. ಅರಭಾವಿ ರಸ್ತಾಕ್ಕಿದ್ದ ಒಂದು ನರ್ಸರಿಯೊಳಗ ಮೂವತ್ತು ವರ್ಷ ಹೂವಿನ ಸಸಿ ಮಾಡಿದಂವ. ಯಾವ ಬೀಜ ಇವತ್ತ ಹಾಕಿದರ ಯಾವ ತಾರೀಖಿಗೆ ಹೂವು ಬಿಡತೈತಿ ಅಂತ ಬೆರಳ ಮಡಚಿ ಹೇಳತಿದ್ದ, ಹೇಳಿದ್ದು ತಪ್ಪತಿರಲಿಲ್ಲ. ಅದರದ ಒಂದೀಟು ಸೊಕ್ಕೂ ಇತ್ತು ಅನ್ರಿ, ಸುಳ್ಳ್ಯಾಕ ಹೇಳಬೇಕು.

ಜನವರಿಯೊಳಗ ಓಣಿಯ ಬುದ್ಧ ವಿಹಾರದಾಗ ಮೀಟಿಂಗ್ ಆತು. ಏಪ್ರಿಲ್ ಹದಿನಾಲ್ಕಕ್ಕ ಬಾಬಾಸಾಹೇಬರ ಜಯಂತಿ, ಈ ಸಲ ಪ್ಯಾಟಿ ಹಾರ ಸಾಕು, ನಮ್ಮ ಓಣಿಯೊಳಗ ಬೆಳೆದ ಹೂವು ಇರಲಿ ಅಂದರು. ಹೊಳೆಪ್ಪ ಎದ್ದು ನಿಂತು, ನಾ ಬೆಳಸ್ತೇನಿ, ಅದೂ ನೀಲಿ ಹೂವು ಅಂದ. ನೀಲಿ ಪೆಟೂನಿಯಾ. ಅದು ಚಳಿಗಾಲದ ಹೂವು, ನಮ್ಮ ಏಪ್ರಿಲ್ ಬಿಸಲಿಗೆ ಸುಟ್ಟು ಹೋಗತೈತಿ ಅಂತ ಅವಗ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರ ಚೆಂಡು ಹೂವು ಯಾರು ಬೇಕಾದರೂ ಬೆಳಸ್ತಾರಲ್ಲ.

ಮೂಡಲಗಿಯ ಪೇಂಟರ್ ಒಬ್ಬನ ಕಡೆಯಿಂದ ಬಣ್ಣದ ಖಾಲಿ ಬಕೆಟ್ ತಂದ. ಎಣಿಸಿ ಇಪ್ಪತ್ತೆರಡು, ಬಾಬಾಸಾಹೇಬರ ಇಪ್ಪತ್ತೆರಡು ಪ್ರತಿಜ್ಞೆಗೆ ಒಂದೊಂದು. ಕಾದ ಸರಳಿಲೆ ತಳಕ್ಕ ತೂತು ಹಾಕಿದ, ಕೆಮ್ಮಣ್ಣು, ಉಸುಕು, ಹಳೇ ಸಗಣಿ ಗೊಬ್ಬರ ಕಲಸಿ ತುಂಬಿದ, ಬೀಜ ಹಾಕಿ ಮನಿ ಮುಂದಿನ ಬೇವಿನ ಗಿಡದ ನೆರಳಿಗೆ ಸಾಲಾಗಿ ಹಚ್ಚಿದ. ಕ್ಯಾಲೆಂಡರಿನ ಮ್ಯಾಲೆ ಗೆರಿ ಎಳೆದು ಲೆಕ್ಕಾನೂ ಕಟ್ಟಿದ. ಮಾರ್ಚ್ ಇಪ್ಪತ್ತಕ್ಕ ಮೊಗ್ಗಿ ಬರತಾವು. ಬಿಟ್ಟರ ಜಯಂತಿಗಿಂತ ಮೊದಲ ಅರಳಿ ಸೋತು ಹೋಗತಾವು. ಅದಕ್ಕ ಮಾರ್ಚ್ ಮೂವತ್ತೊಂದರ ತನಕ ಬಂದ ಬಂದ ಮೊಗ್ಗಿ ಚಿವುಟಬೇಕು. ಆಮ್ಯಾಲೆ ಕೈ ಬಿಟ್ಟರ ಸರಿಯಾಗಿ ಹದಿನಾಲ್ಕಕ್ಕ ಇಪ್ಪತ್ತೆರಡೂ ಒಮ್ಮೆಲೇ ಅರಳತಾವು.

ಅವನ ಹೆಂಡತಿ ಕಾಡವ್ವ ಅದ ಬೇವಿನ ಬುಡಕ ಹೊರಸಿನ ಮ್ಯಾಲೆ ಮಲಗತಿದ್ದಳು. ಎರಡೂ ಕಿಡ್ನಿ ಕೆಟ್ಟು ವರ್ಷ ಆಗಿತ್ತು. ವಾರಕ್ಕ ಎರಡು ಸಲ ಗೋಕಾಕಕ್ಕ ಹೋಗಿ ರಕ್ತ ತೊಳಿಸಿಕೊಂಡು ಬರಬೇಕು, ದಿನಕ್ಕ ಎರಡು ಲೋಟದ ಮ್ಯಾಲೆ ನೀರ ಕುಡಿಯೂ ಹಂಗಿಲ್ಲ. ಹೊಳೆಪ್ಪ ಮುಂಜಾನೆ ಸಂಜಿಕ ಬಕೆಟ್ಟಿಗೆ ನೀರ ಹಣಿಸೂವಾಗ ಆಕಿ ನೋಡಕೋತ, ಮುಂದಿನ ಜನ್ಮ ಐತಿ ಅಂತ ನಾವು ನಂಬಂಗಿಲ್ಲ, ಇದ್ದಿದ್ದರ ಪೆಟೂನಿಯಾ ಆಗಿ ಹುಟ್ಟತಿದ್ದೆ, ಎರಡು ಹೊತ್ತು ಹೊಟ್ಟಿ ತುಂಬ ನೀರ ಸಿಗತಿತ್ತು ಅಂತ ಚೇಷ್ಟಿ ಮಾಡತಿದ್ದಳು. ಹೊಳೆಪ್ಪಗ ನಗು ಬರತಿರಲಿಲ್ಲ. ಝಾರಿ ತಗೊಂಡು ಆ ಕಡೆ ಹೊಳ್ಳತಿದ್ದ.

ಲೆಕ್ಕದ ಪ್ರಕಾರನ ಮೊಗ್ಗಿ ಬಂದುವು. ಹೊಳೆಪ್ಪ ದಿನಾ ಒಂದೊಂದ ಗಿಡಾ ಹುಡುಕಿ ಚಿವುಟಿ ಚಿವುಟಿ ಒಗದ. ಮೂವತ್ತು ವರ್ಷ ಮಂದಿ ಅಂಗಳಕ್ಕ ಹೂವು ಕಳಿಸಿದ್ರಿ, ನಮ್ಮ ಮನಿಗೆ ಒಂದು ಗಿಡಾ ತರಲಿಲ್ಲ, ಈ ನೀಲಿ ಹೂವು ಹೆಂಗಿರತೈತಿ ಅಂತ ನಾ ಕಂಡೇ ಇಲ್ಲ ಅಂದಳು ಕಾಡವ್ವ. ಹದಿನಾಲ್ಕಕ್ಕ ನಿನ್ನ ವಿಹಾರದ ಪಾವಟಿಗಿ ಮುಂದ ಖುರ್ಚಿ ಹಾಕಿ ಕುಂಡ್ರಸ್ತೇನಿ, ಇಪ್ಪತ್ತೆರಡೂ ಒಮ್ಮೆ ನೋಡುವಂತಿ ಅಂದ.

ಇಪ್ಪತ್ತೆಂಟನೇ ತಾರೀಖು ಹೊರಸಿನ ಬಾಜೂದ ಬಕೆಟ್ಟಿನಾಗ ಒಂದು ಮೊಗ್ಗಿ ಸಿಕ್ಕಿತು. ದಿನಾ ನೋಡೂ ಗಿಡದಾಗ ಇಷ್ಟು ದೊಡ್ಡದು ಹೆಂಗ ಉಳೀತು? ಕಾಡವ್ವ ಮಲಗಿದಲ್ಲಿಂದನ ಎಲಿ ಜಗ್ಗಿ ಅದರ ಮ್ಯಾಲೆ ಮುಚ್ಚಿಡತಿದ್ದಳು. ತುದಿಗೆ ನೀಲಿ ಕಾಣಾಕತ್ತಿತ್ತು, ನಾಳೆ ಅರಳೂ ಹಂಗಿತ್ತು.

“ಅದೊಂದರ ಇರಲಿ ಬಿಡ್ರಿ” ಅಂದಳು.

“ಒಂದು ಬಿಟ್ಟರ ಈ ಗಿಡಾ ಸಾಲಿನಾಗ ಹಿಂದ ಬೀಳತೈತಿ. ಇನ್ನ ಹದಿನೇಳು ದಿನಾ ತಡಿ” ಅಂದು ಹೊಳೆಪ್ಪ ಅದನ್ನೂ ಚಿವುಟಿದ. ಕಾಡವ್ವ ಅವನ ಬೆರಳ ನೋಡಿದಳು. ಆಮ್ಯಾಲೆ ಆತು ಬಿಡ್ರಿ ಅಂದು ಮಗ್ಗಲಾ ಬದಲಿಸಿ ಮಲಗಿದಳು.

ಏಪ್ರಿಲ್ ಆರಕ್ಕ ಆಕಿಗೆ ಉಸರ ಹತ್ತಿತು. ಗೋಕಾಕದ ದವಾಖಾನ್ಯಾಗ ಒಳಗ ಒಯ್ದರು, ಪುಪ್ಪಸದಾಗ ನೀರ ತುಂಬೈತಿ ಅಂದರು. ಹೊಳೆಪ್ಪ ಡಾಕ್ಟರಿಗೆ ಒಂದ ಮಾತು ಕೇಳಿದ, ಎಷ್ಟ ದಿನಾ ಅಂತ. ಹಂಗ ಲೆಕ್ಕಾ ಹಾಕಾಕ ಬರೂದಿಲ್ಲ ಕಾಕಾ ಅಂದರು ಅವರು. ಹೊರಗ ಬೆಂಚಿನ ಮ್ಯಾಲೆ ಕುಂತು ಹೊಳೆಪ್ಪ ಸುಮ್ಮನ ಬೆರಳ ಮಡಚಿದ, ಬಿಚ್ಚಿದ. ಹದಿನಾಲ್ಕಕ್ಕ ಇನ್ನ ಎಂಟು ದಿನಾ.

ಹುಕ್ಕೇರಿಗೆ ಕೊಟ್ಟಿದ್ದ ಮಗಳು ಆಮ್ರಪಾಲಿ ಮನಿ ನೋಡಕೊಳ್ಳಾಕ ಬಂದಿದ್ದಳು. ಆಕಿಗೆ ಫೋನ್ ಹಚ್ಚಿದ. ಯಾವುದರ ಒಂದು ಅರಳೇತೇನು ನೋಡವ್ವ ಅಂದ. ಇಲ್ಲಪಾ ಅಂದಳು. ಹೊರಸಿನ ಬಾಜೂದ್ದು ನೋಡು, ಎಲಿ ಎತ್ತಿ ನೋಡು ಅಂದ. ಎಲಿ ಎತ್ತಿ ನೋಡಿದಳು. ಜ್ವಾಳದ ಕಾಳಿನಷ್ಟ ಹಸರ ಮೊಗ್ಗಿ ಅದಾವು, ಹೂವು ಒಂದೂ ಇಲ್ಲ ಅಂದಳು.

ಮರುದಿನ ಆ ಬಕೆಟ್ಟನ್ನ ಬಸ್ಸಿನಾಗ ಗೋಕಾಕಕ್ಕ ತರಿಸಿದ. ಒಳಗ ಬಿಡಲಿಲ್ಲ, ಹೊರಗ ಬಿಸಲಿನಾಗ ಇಟ್ಟ, ನೆರಳಿಗೆ ಇಟ್ಟ, ಮತ್ತ ಬಿಸಲಿಗೆ ಇಟ್ಟ. ಮೊಗ್ಗಿ ಮ್ಯಾಲೆ ಬಾಯಿಯ ಬಿಸಿ ಗಾಳಿ ಊದಿದ. ನೋಡಿದವರು ಇವಗ ತಲಿ ಕೆಟ್ಟೈತಿ ಅಂದುಕೊಂಡಿರಬೇಕು. ಹೂವು ತಡಾ ಮಾಡಾಕ ಅವಗ ಬರತಿತ್ತು, ಲಗೂ ಮಾಡಾಕ ಯಾರಿಗೂ ಬರೂದಿಲ್ಲ. ಒಂಬತ್ತಕ್ಕ ಮಧ್ಯಾಹ್ನ ಕಾಡವ್ವ ತೀರಿಕೊಂಡಳು.

ಹದಿನಾಲ್ಕಕ್ಕ ಹೊತ್ತು ಹೊಂಡೂದರಾಗ ಇಪ್ಪತ್ತೆರಡು ಬಕೆಟ್ ವಿಹಾರದ ಪಾವಟಿಗಿ ಎರಡೂ ಬಾಜೂ ನಿಂತಿದ್ದುವು. ಗೋಕಾಕ ಹೋಗಿ ಬಂದದ್ದೂ ಸೇರಿ ಒಂದೂ ಹಿಂದ ಬಿದ್ದಿರಲಿಲ್ಲ, ಎಲ್ಲಾ ಗಿಡದ ತುಂಬ ನೀಲಿ. ಯಾರೂ ಹೇಳದಿದ್ದರೂ ಆಮ್ರಪಾಲಿ ಒಂದು ಖಾಲಿ ಖುರ್ಚಿ ತಂದು ಮುಂದ ಇಟ್ಟಿದ್ದಳು. ಹೊಳೆಪ್ಪ ಅದರ ಬಾಜೂ ನೆಲಕ್ಕ ಕುಂತಿದ್ದ.

ಓಣಿಯ ಕಾಲೇಜ ಹುಡುಗಿ ಪೂನಮ್ ಮೊಬೈಲ್ ಹಿಡಕೊಂಡು ಬಂದಳು. ಎಲ್ಲಾ ಹೂವು ಒಂದ ದಿನಕ್ಕ ಹೆಂಗ ಅರಳಿದುವು ಕಾಕಾ, ವಿಡಿಯೋದಾಗ ಎಲ್ಲಾರಿಗೂ ಹೇಳ್ರಿ ಅಂತ ಕೇಳಿದಳು. ಹೊಳೆಪ್ಪ ತನ್ನ ಹೆಬ್ಬೆರಳು ತೋರಬೆರಳು ಕೂಡಿಸಿ ಹಿಡಿದು ನೋಡಿದ.

“ಒಂದರ ಬಿಡ್ರಿ ಅಂದಿದ್ದಳು ಆಕಿ” ಅಂದ. “ನಾ ಬಿಡಲಿಲ್ಲ.”

ಪೂನಮ್‌ಗ ತಿಳೀಲಿಲ್ಲ. ಇನ್ನೊಮ್ಮೆ ಹೇಳ್ರಿ ಕಾಕಾ, ಜ್ವಾರಲೆ ಹೇಳ್ರಿ ಅಂದು ಮೊಬೈಲ್ ಅವನ ಬಾಯಿ ಹತ್ರ ಹಿಡಿದಳು.