ಹೆಡಿಗೆಯೊಳಗಿನ ಕೂಸು

ದಾಂಡೇಲಿಯ ಕಾಗದ ಗಿರಣಿಯ ಹಿಂದಿನ ಗುಡಿಸಲುಗಳ ಸಾಲಿನಲ್ಲಿ ಜೀಪು ಬಂದು ನಿಂತರೆ ಹೆಂಗಸರಿಗೆ ಒಂದೇ ಅರ್ಥ: ಸಿಡುಬು ಬರದಂತೆ ತೋಳಿಗೆ ಚುಚ್ಚಿ ಮೈಲಿ ಹಾಕುವವರು ಬಂದರು. ಕೂಗಿ ಹೇಳಬೇಕಾಗಿಯೂ ಇರಲಿಲ್ಲ. ಒಬ್ಬಳು ಒನಕೆ ನಿಲ್ಲಿಸಿದರೆ ಸಾಕು, ಸಾಲಿನ ಕೊನೆಯವರೆಗೂ ಮಕ್ಕಳು ಮಾಯವಾಗುತ್ತಿದ್ದವು.

ಆ ಮಂಗಳವಾರ ಸಿದ್ದಕ್ಕನೂ ಹಾಗೇ ಮಾಡಿದಳು. ಪಕ್ಕದ ಮನೆಯ ಮಾಲವ್ವ ಗಿರಣಿಯಲ್ಲಿ ಬಿದಿರು ಹೊರುವ ಕೆಲಸಕ್ಕೆ ಹೋಗಿದ್ದಳು. ಅವಳ ನಾಲ್ಕು ವರ್ಷದ ಮಗಳು ಕಾಶಿಯನ್ನು ಸಿದ್ದಕ್ಕ ಕೋಳಿ ಮುಚ್ಚುವ ಹೆಡಿಗೆಯ ಕೆಳಗೆ ಕೂಡಿಸಿ, ಮೇಲೊಂದು ಗೋಣಿತಟ್ಟು ಎಳೆದು, ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸತೊಡಗಿದಳು.

ಜೀಪಿನಿಂದ ಇಳಿದವಳು ಬಿಳಿ ಸೀರೆಯ ಅಧಿಕಾರಿಣಿ. ಕೈಯಲ್ಲಿ ಸೂಜಿಪೆಟ್ಟಿಗೆ ಇರಲಿಲ್ಲ, ಕಾಗದದ ಕಟ್ಟಿತ್ತು. ಸಿದ್ದಕ್ಕ ಅದನ್ನು ಗಮನಿಸಲಿಲ್ಲ.

“ಲಗಮಪ್ಪನ ಹೆಂಡತಿ ಮಾಲವ್ವ ಇಲ್ಲೇ ಇರೋದೇನ್ರಿ? ಆಕೀ ಕೂಸು ಯಾರ ಕಡೆ ಐತಿ?”

“ಕೂಸಾ? ನನಗೇನೂ ಗೊತ್ತಿಲ್ರೀ ಅಕ್ಕಾರ.”

ಅಷ್ಟರಲ್ಲಿ ಹೆಡಿಗೆ ಸೀನಿತು.

ಅಧಿಕಾರಿಣಿ ಗೋಣಿ ಸರಿಸಿ ಹೆಡಿಗೆ ಎತ್ತಿದಳು. ತಲೆತುಂಬ ಕೋಳಿಪುಕ್ಕ ಮೆತ್ತಿಕೊಂಡ ಕಾಶಿ ಕಣ್ಣು ಪಿಳಿಪಿಳಿ ಬಿಟ್ಟಳು. ಅಧಿಕಾರಿಣಿ ನಗಲಿಲ್ಲ. ನಿಂತಲ್ಲೇ ಏನೋ ಬರೆದುಕೊಂಡು ಜೀಪು ಹತ್ತಿದಳು.

ಏನು ಬರೆದಳೆಂಬುದು ಎಂಟು ದಿನದ ಮೇಲೆ ತಿಳಿಯಿತು. ಹಿಂದೆ ಮಾಲವ್ವನ ಗಂಡ ಲಗಮಪ್ಪ ಅಣಶಿ ಘಟ್ಟದಲ್ಲಿ ಲಾರಿ ಉರುಳಿ ತೀರಿಕೊಂಡಾಗ, ಶಾಲೆಯ ಚನಬಸಪ್ಪ ಮಾಸ್ತರರು ಸರಕಾರದ ನೆರವಿಗೆಂದು ಅರ್ಜಿ ಬರೆದುಕೊಟ್ಟಿದ್ದರು. ಅದರ ವಿಚಾರಣೆಗೆ ಬಂದವಳು ಆಕೆ. ಈಗ ಬಂದ ಪತ್ರವನ್ನೂ ಮಾಸ್ತರರೇ ಓದಿದರು: ತಾಯಿ ದುಡಿಯಲು ಹೋದಾಗ ಕೂಸನ್ನು ಕೋಳಿಬುಟ್ಟಿಯಲ್ಲಿ ಮುಚ್ಚಿಡಲಾಗುತ್ತಿದೆ, ನೋಡುವವರಿಲ್ಲ, ಧಾರವಾಡದ ಮಕ್ಕಳ ನಿಲಯಕ್ಕೆ ಸೇರಿಸುವುದು ಲೇಸು. ಹೇಳುವುದಿದ್ದರೆ ಸೋಮವಾರ ಹಳಿಯಾಳದ ಕಚೇರಿಗೆ ಬರಬೇಕು.

ಮಾಲವ್ವ ಅಳಲಿಲ್ಲ, ಬೈಯಲೂ ಇಲ್ಲ. “ಅಲ್ಲಿ ಹೊಟ್ಟಿ ತುಂಬ ಹಾಕ್ತಾರಂತ, ಸಿದ್ದಕ್ಕ,” ಎಂದಷ್ಟೇ ಅಂದಳು. ಬೈದಿದ್ದರೆ ಸಿದ್ದಕ್ಕನಿಗೆ ಹಗುರಾಗುತ್ತಿತ್ತು.

ಎರಡು ಮನೆಗಳ ನಡುವೆ ಇದ್ದದ್ದು ಬರೀ ಬಿದಿರಿನ ತಟ್ಟಿ. ಲಗಮಪ್ಪ ಸತ್ತ ವಾರದಲ್ಲೇ ಸಿದ್ದಕ್ಕ ಅದರ ಬುಡದಲ್ಲಿ ಕೂಸು ತೂರುವಷ್ಟು ಕಿಂಡಿ ಕೊಯ್ದಿದ್ದಳು. ಬೆಳಿಗ್ಗೆ ಗಿರಣಿಯ ಭೋಂಗಾ ಕೂಗಿದರೆ ಕಾಶಿ ಆ ಕಡೆಯಿಂದ ಈ ಕಡೆಗೆ, ಸಂಜೆ ಕೂಗಿದರೆ ಈ ಕಡೆಯಿಂದ ಆ ಕಡೆಗೆ. ಇದನ್ನು ಯಾವ ಕಾಗದದಲ್ಲಿ ಯಾರು ಬರೆಯಬೇಕಿತ್ತು?

ಸೋಮವಾರ ಮಾಲವ್ವ, ಸಿದ್ದಕ್ಕ, ಕಾಶಿ ಮೂವರೂ ಬಸ್ಸಿನಲ್ಲಿ ಹಳಿಯಾಳಕ್ಕೆ ಹೋದರು. ಕಚೇರಿಯಲ್ಲಿ ಮಾಲವ್ವ ಕಾಶಿಯನ್ನು ಅವಚಿಕೊಂಡು ಬಾಗಿಲಲ್ಲೇ ನಿಂತಳು. ಸಿದ್ದಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

“ಹೆಡಿಗಿ ನಂದ್ರಿ. ಮುಚ್ಚಿದಾಕೀನೂ ನಾನ. ನೀವು ಮೈಲಿ ಹಾಕಾವ್ರು ಅಂತ ತಿಳದು ಸುಳ್ಳ ಹೇಳಿದೆ. ದಿನಾ ಕೂಸು ನನ್ನ ಕಡೇನ ಇರತೈತ್ರಿ.”

“ನೀ ಸಂಬಂಧಿಕಳೇನು?”

“ನಡಕ ಒಂದ ತಟ್ಟಿರಿ. ಅದಕ್ಕೂ ಕಿಂಡಿ ಕೊಯ್ದೇನಿ. ಬೇಕಾದ್ರ ಬಂದು ನೋಡ್ರಿ.”

ಅಧಿಕಾರಿಣಿ ಕನ್ನಡಕ ತೆಗೆದು ಒರೆಸಿಕೊಂಡಳು. “ಅಲ್ಲವ್ವಾ, ನಾಳೆ ಸಿಡುಬು ಬಂದ್ರ ನಿನ್ನ ಹೆಡಿಗಿ ಕಾಯತೈತೇನು?”

ಮೈಲಿ ಹಾಕಿಸಿದ ವಾರದಲ್ಲೇ ಸಿದ್ದಕ್ಕನ ಚೊಚ್ಚಲ ಮಗ ಹೋಗಿದ್ದ. ವಿಷಮಶೀತಜ್ವರ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ಅವಳ ಕರುಳು ಒಪ್ಪಿರಲಿಲ್ಲ.

“ಈ ಕೂಸಿಗೆ ಮೈಲಿ ಹಾಕಿಸು. ನೋಡಿಕೊಳ್ಳಾಕಿ ನೀನಂತ ಬರದು, ಇದನ್ನ ತಾಯಿ ಕಡೇನ ಬಿಡ್ತೇನಿ. ಮೂರು ತಿಂಗಳಿಗೊಮ್ಮೆ ಬಂದು ನೋಡೂದು ಮಾತ್ರ ಬಿಡೂದಿಲ್ಲ.”

ಸಿದ್ದಕ್ಕ ಮಾಲವ್ವನ ಮುಖ ನೋಡಿದಳು. ಮಾಲವ್ವ ಕಾಶಿಯನ್ನು ಅವಳ ಕಂಕುಳಿಗೆ ಕೊಟ್ಟಳು.

ದವಾಖಾನೆ ರಸ್ತೆಯಾಚೆಗೇ ಇತ್ತು. ಸೂಜಿ ತಾಗುವಾಗ ಕಾಶಿಯ ತೋಳು ಹಿಡಿದವಳು ಸಿದ್ದಕ್ಕ. ಕಣ್ಣು ಮುಚ್ಚಿಕೊಂಡವಳೂ ಅವಳೇ. ವಾರವಿಡೀ ಒಲೆಯ ಮುಂದಿನಿಂದ ಎದ್ದೆದ್ದು ಬಂದು ಕೂಸಿನ ಹಣೆ ಮುಟ್ಟಿ ನೋಡಿದಳು. ಎಂಟನೆಯ ದಿನ ಭೋಂಗಾ ಕೂಗಿತು, ಕಾಶಿ ಕಿಂಡಿಯಲ್ಲಿ ತಲೆ ತೂರಿಸಿದಳು. ತೋಳ ಮೇಲೆ ಮೈಲಿಯ ಹುಣ್ಣು ಹಕ್ಕಳೆಗಟ್ಟತೊಡಗಿತ್ತು.

“ಆಯೀ, ಜೀಪು ಬಂದ್ರ ಅಡಗಬೇಕೇನು?”

“ಬ್ಯಾಡವ್ವಾ,” ಎಂದಳು ಸಿದ್ದಕ್ಕ. “ಬಂದಾಕೀಗೆ ಚಹಾ ಕಾಸೂಣು.”