ಅಕ್ಕನ ಓಣಿಯವರೆಗೆ

ಉರುಕುಂದಪ್ಪನ ಶವವನ್ನು ಮಂಚದ ಮೇಲೆ ಗೋಡೆಗೆ ಆನಿಸಿ ಕೂಡಿಸುತ್ತಿದ್ದರು. ತಲೆ ಮತ್ತೆ ಮತ್ತೆ ಒಂದು ಬದಿಗೆ ವಾಲುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಗಂಗಾಂಬಿಕಾ ತನಗರಿವಿಲ್ಲದೆ ಮುಂದೆ ಬಂದು, ಅವನ ಮಗ ಶಿವಕಾಂತ ಗದ್ದಕ್ಕೆ ಬಟ್ಟೆ ಕಟ್ಟುವವರೆಗೆ ಆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಿಂದಲೆಯ ಗಾಯ ಬೆರಳಿಗೆ ತಗುಲಿತು.

"ಈಕೀನೇ ಆ ಡಾಕ್ಟರಮ್ಮ," ಎಂದಳು ಸೊಸೆ ವಿಜಯಶ್ರೀ, ನೆರೆದವರಿಗೆ. "ಮೂಲ್ಯಾಗ ಕುಂತಿದ್ದ ಮಾವನ್ನ ನಡೀರಿ, ನಡೀರಿ ಅಂತ ಎಬ್ಬಿಸಿದಾಕಿ. ಮೋರಿ ದಾಟಾಕ ಹೋಗಿ ಬಿದ್ರು. ಈಗೇನು ಬರ್ಕೊಳ್ಳಾಕ ಬಂದೀರಿ?"

ಹೈದರಾಬಾದಿನಲ್ಲಿ ಗಂಗಾಂಬಿಕಾ ಕಲಿಯುತ್ತಿದ್ದುದು ಮುಪ್ಪಿನ ವೈದ್ಯಕೀಯ. ನಾರಾಯಣಪೇಟೆಯ ಮುದಿ ನೇಕಾರರು ದಿನಾ ನಡೆದರೆ ಬೀಳುವುದು ಕಡಿಮೆಯಾಗುವುದೇ ಎಂಬುದು ಅವಳ ಸಂಶೋಧನೆ. ಈ ಸಾವನ್ನು ಗುರುಗಳಿಗೆ ತಿಳಿಸಬೇಕು; ಕೆಲಸವೇ ನಿಂತುಹೋಗಬಹುದು. ಇಲ್ಲಿಗೆ ಬಸ್ಸಿನಲ್ಲಿ ಬರುವಾಗ ಅದನ್ನೇ ಯೋಚಿಸಿದ್ದಳು. ಈಗ ಆ ಯೋಚನೆಗೇ ನಾಚಿಕೆಯಾಯಿತು. ನಾನೇ ಕೊಂದೆನೇ?

*

"ಮಗ್ಗದ ಗುಣಿಯಾಗ ಕಾಲು ಇಳಿಬಿಟ್ಟು ಜಲ್ಮ ಕಳದೀನವ್ವ," ಎಂದಿದ್ದ ಉರುಕುಂದಪ್ಪ, ಮೊದಲ ದಿನ. "ಈಗ ಎದ್ದು ಎಲ್ಲಿಗೆ ಹೋಗ್ಲಿ?"

"ಎಲ್ಲಿಗೆ ಹೋಗಾಕ ಮನಸೈತ್ರಿ, ಅಜ್ಜಾ?"

ಅವನು ಗೋಡೆ ಹಿಡಿದು ಎದ್ದ. ಮುಂದಿನ ಸಲ ಅವಳು ಬಂದಾಗ ಗೋಡೆ ಬಿಟ್ಟಿದ್ದ. ಆಮೇಲೆ ಅಂಗಳ ದಾಟಿದ.

"ಬೀಳ್ತೀನಂತ ಅಂಜಿಕಿ ಐತ್ರಿ?"

"ಐತವ್ವ. ಆದ್ರ ಕಾಲು ಕೇಳವಲ್ವು."

*

ಹಿಂದಿನ ಓಣಿಯಿಂದ ಅವನ ಅಕ್ಕ ಸುಗುಣಮ್ಮನನ್ನು ಕುರ್ಚಿಯಲ್ಲಿ ಹೊತ್ತು ತಂದರು. ಮೊಣಕಾಲು ಹಿಡಿದು ಹಾಸಿಗೆ ಬಿಟ್ಟಿಳಿಯದವಳು. ಎರಡು ಮನೆಗಳ ನಡುವೆ ಮಾತು ನಿಂತು ಎಷ್ಟೋ ಕಾಲವಾಗಿತ್ತು. ವಿಜಯಶ್ರೀ ಮುಖ ತಿರುಗಿಸಿದಳು.

"ಆ ಹುಡುಗಿ ಮ್ಯಾಲೆ ಯಾಕ ಹಾಯ್ತೀಯವ್ವ?" ಎಂದಳು ಮುದುಕಿ. "ಅಂವ ದಿನಾ ನನ್ನ ಹಂತ್ಯಾಕ ಬರ್ತಿದ್ದ."

"ಗುಡಿಗೆ ಹೋಗ್ತೀನಂತಿದ್ರಲ್ಲ!" ಎಂದಳು ವಿಜಯಶ್ರೀ.

"ಬಂದು ಸುಮ್ನ ಕುಂದ್ರತಿದ್ದ. ನಿನ್ನಿ ನನ್ನ ತಲಿ ಬಾಚಿದ. ನೂಲಿನ ಸಿಕ್ಕು ಬಿಡಿಸಿದಂಗ, ಒಂದ್ ಕೂದ್ಲಾನೂ ಜಗ್ಗಲಿಲ್ಲ. ನಮ್ಮನಿಯಿಂದ ಹೊಳ್ಳಿ ಬರೂಮುಂದ ಬಿದ್ದಾನ. ಹಂಗಾರ ನಾನೂ ಕೊಂದೀನೇನು?"

ಶಿವಕಾಂತ ಬಿಕ್ಕಿದ.

"ಇಬತ್ತಿ ಕೊಡ್ರಿ, ಹಚ್ತೀನಿ," ಎಂದು ಸುಗುಣಮ್ಮ ವಿಭೂತಿ ಇಸಿದುಕೊಂಡು ಬೆರಳಿಗೆ ಬಳಿದುಕೊಂಡಳು.

ಕುರ್ಚಿಯಿಂದ ತಮ್ಮನ ಹಣೆ ಎಟುಕಲಿಲ್ಲ. ಗಂಡಸರು ಕುರ್ಚಿ ಎತ್ತಲು ಬಾಗಿದರು.

"ಬ್ಯಾಡ. ಏ ಹುಡುಗಿ, ನನ್ನ ನಿಂದ್ರಿಸು."

ಗಂಗಾಂಬಿಕಾ ಆ ಬಾತ ಮೊಣಕಾಲುಗಳನ್ನು ನೋಡಿದಳು. "ಬಿದ್ರೇನ್ ಮಾಡೂದ್ರಿ, ಅಮ್ಮಾ?"

"ಹಿಡ್ಕೋ."

ಅವಳು ಒಂದು ರಟ್ಟೆ ಹಿಡಿದಳು. ತುಸು ತಡೆದು, ವಿಜಯಶ್ರೀ ಬಂದು ಇನ್ನೊಂದನ್ನು ಹಿಡಿದಳು. ಸುಗುಣಮ್ಮ ಎದ್ದಳು. ತೊಡೆಗಳು ಗಡಗಡ ನಡುಗಿದವು. ವಿಭೂತಿ ಮೂವರ ಕೈಮೇಲೂ ಉದುರಿತು. ಗಂಗಾಂಬಿಕಾಳ ಇನ್ನೊಂದು ಕೈ ಮುದುಕಿಯ ಬೆನ್ನಿನ ಹಿಂದೆ, ಮುಟ್ಟಿಯೂ ಮುಟ್ಟದಂತೆ, ಕಾಯುತ್ತಿತ್ತು. ಸುಗುಣಮ್ಮನ ಬಿಳಿಯ ಬೆರಳುಗಳು ತಮ್ಮನ ಹಣೆಯತ್ತ ಹೊರಟಿದ್ದವು. ಇನ್ನೂ ಗೇಣು ದೂರವಿತ್ತು.