ಹೆಸರು ಆಮೇಲೆ ಹೇಳುವವನು

ಹೆಳವರ ಬಾಳಪ್ಪನಿಗೆ ಎತ್ತು ಇರಲಿಲ್ಲ, ಗಂಟೆ ಇರಲಿಲ್ಲ. ಆದರೂ ಜರ್ಮನಿಯ ರೇಗನ್ಸ್‌ಬರ್ಗಿಗೆ ಬಂದ ಎರಡು ವರ್ಷದೊಳಗೆ ಹಿರಿಯರ ಕಸುಬನ್ನೇ ಹಿಡಿದು ಕೂತಿದ್ದ. ಅದೂ ಯಾರ ವಂಶ? ಬೇಸ್‌ಬಾಲ್ ಆಟಗಾರರದು!

ಹಿರಿಯರ ಕಸುಬೆಂದರೆ ಎತ್ತಿನ ಮೇಲೆ ಕೂತು ಊರೂರು ತಿರುಗುವುದು, ಒಕ್ಕಲು ಮನೆಯ ಮುಂದೆ ನಿಂತು ಆ ಮನೆತನದ ಏಳು ತಲೆಮಾರಿನ ಹೆಸರು ಒಪ್ಪಿಸುವುದು, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಏರಿಸುವುದು. ಅಪ್ಪ ಹಾಲಸಿದ್ದಪ್ಪ ಕಡೆಯ ಉಸಿರಿನ ತನಕ ಅದನ್ನೇ ಮಾಡಿದ. ಮಗ ಓದಿದ, ಕಂಪ್ಯೂಟರ್ ಬಲ್ಲವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಇಲ್ಲಿಗೆ ಬಂದ, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯಲು ಕೂತ. ಆದರೆ ರಕ್ತ ಸುಮ್ಮನಿರಬೇಕಲ್ಲ?

ಡೊನಾವ್ ನದಿಯ ಆಚೆ ದಂಡೆಗೆ ಒಂದು ಸಣ್ಣ ಬೇಸ್‌ಬಾಲ್ ಕ್ಲಬ್ಬಿತ್ತು. ಅಲ್ಲಿ ಮಕ್ಕಳಿಗೆ ಚೆಂಡು ಎಸೆಯುವುದನ್ನು ಕಲಿಸುವವನು ರೇ ಡಾಕಿನ್ಸ್. ಅಮೆರಿಕದ ಸಿಪಾಯಿಯಾಗಿ ಬಂದು, ಇಲ್ಲಿಯ ಹೆಣ್ಣು ಮದುವೆಯಾಗಿ, ಇಲ್ಲೇ ಬೇರು ಬಿಟ್ಟವನು. ಬಾಳಪ್ಪನಿಗೆ ಆಟ ತಿಳಿದದ್ದು ಅಷ್ಟಕ್ಕಷ್ಟೆ. ತಿಳಿದದ್ದು, ತಿಳಿದು ಮೈ ಜುಮ್ಮೆಂದದ್ದು, ಆಟಗಾರರ ಅದಲುಬದಲು. ಒಂದು ತಂಡ ತನ್ನವನೊಬ್ಬನನ್ನು ಕೊಟ್ಟು ಇನ್ನೊಬ್ಬನನ್ನು ತರುತ್ತದೆ. ಬಂದವನನ್ನು ನಾಲ್ಕು ವರ್ಷ ಆಡಿಸಿ, ಅವನನ್ನು ಕೊಟ್ಟು ಮತ್ತಿಬ್ಬರನ್ನು ತರುತ್ತದೆ. ಹೀಗೆ ಒಬ್ಬನ ಬದಲಿಗೆ ಬಂದವರ ಬಳ್ಳಿ ಮೂವತ್ತು ವರ್ಷ ಹಬ್ಬಿದರೂ ಹಬ್ಬೀತು. ಅದರ ತುದಿ ಎಲ್ಲಿ ಎಂದು ಹುಡುಕುವ ಹುಚ್ಚರು ಇಂಟರ್ನೆಟ್ಟಿನಲ್ಲಿ ಬೇಕಾದಷ್ಟಿದ್ದರು. ಬಾಳಪ್ಪ ಅವರಲ್ಲೊಬ್ಬನಾದ.

ರೇ ಕೂಡ ಹಾಗೆ ಕೊಡಲ್ಪಟ್ಟವನೇ. ಇಪ್ಪತ್ತರ ಹರೆಯದಲ್ಲಿ ಓಹಾಯೋದ ತಂಡ ಅವನನ್ನು ಟೆಕ್ಸಾಸ್‌ನ ತಂಡಕ್ಕೆ ಕೊಟ್ಟಿತ್ತು. ಅಲ್ಲಿ ಒಂದು ಪಂದ್ಯ ಆಡುವುದರೊಳಗೆ ಅವನ ಭುಜ ಹೋಯಿತು.

"ನನ್ನ ಬದಲಿಗೆ ಬಂದದ್ದಾದರೂ ಏನಾಯಿತೋ, ನೋಡು ಬಾಳಾ," ಎಂದು ಒಮ್ಮೆ ಕೇಳಿದ್ದ, ಕೇಳಿ ತಕ್ಷಣ ಬೇರೆಡೆ ನೋಡಿದ್ದ. ಮೂವತ್ತೆರಡು ವರ್ಷ ಯಾರನ್ನೂ ಕೇಳದ ಮಾತು ಅದು.

ಬಾಳಪ್ಪ ಹಳೆಯ ಪತ್ರಿಕೆಯ ತುಣುಕು ತರಿಸಿ ನೋಡಿದ. ರೇಯ ಬದಲಿಗೆ ಕೋಲ್ ಎಂಬವನು ಓಹಾಯೋಕ್ಕೆ ಬಂದಿದ್ದ. ಎರಡನೆಯ ವರ್ಷವೇ ಆಟ ಬಿಟ್ಟು ಅಪ್ಪನ ಕಿರಾಣಿ ಅಂಗಡಿ ಸೇರಿದ್ದ. ಬಳ್ಳಿ ಅಲ್ಲಿಗೆ ನಿಂತಿತ್ತು. ಬಾಳಪ್ಪ ಹಾಗೆಂದೇ ಬರೆದು, ರುಜು ಹಾಕಿ ಕ್ಲಬ್ಬಿಗೆ ಕೊಟ್ಟ.

ಕ್ಲಬ್ಬಿನ ಕಾರ್ಯದರ್ಶಿ ತ್ಸಿರ್ನ್‌ಗಿಬಲ್ ಅದನ್ನು ಇಪ್ಪತ್ತೈದನೆಯ ವರ್ಷದ ಫೆಸ್ಟ್‌ಶ್ರಿಫ್ಟಿಗೆ, ಎಂದರೆ ನೆನಪಿನ ಪುಸ್ತಿಕೆಗೆ, ಏರಿಸಿಬಿಟ್ಟ: 'ಅಮೆರಿಕದಲ್ಲಿ ಸೊನ್ನೆಗೆ ಮಾರಿಹೋದವನು ನಮ್ಮಲ್ಲಿ ಚಿನ್ನವಾದ.' ಅಚ್ಚಿನ ಹಾಳೆಯನ್ನು ರೇ ಓದಿ ಮಡಚಿಟ್ಟ. ಚೆಂಡಿನ ಬುಟ್ಟಿ ಎತ್ತಿಕೊಂಡು ಮೈದಾನಕ್ಕೆ ಹೋದ. ಆ ಶನಿವಾರ ಮಕ್ಕಳಿಗೆ ಕಲಿಸುವಾಗ ಅವನ ಬಾಯಿಂದ ಒಂದು ಗದರಿಕೆಯೂ ಬರಲಿಲ್ಲ. ಗದರದ ರೇಯನ್ನು ಬಾಳಪ್ಪ ಕಂಡದ್ದು ಅದೇ ಮೊದಲು.

ಮನೆಗೆ ಬಂದವನ ಮುಖ ನೋಡಿ ಹೆಂಡತಿ ಬಸವೇಶ್ವರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಪತ್ರಿಕೆಯ ತುಣುಕು ತೆಗೆದುಕೊಂಡು ಓದಿದಳು.

"ಇಲ್ಲಿ ಕೋಲ್ ಅಂತ ಐತಿ, ಮುಂದ 'ಮತ್ತು ಹೆಸರು ಆಮೇಲೆ ಹೇಳುವ ಒಬ್ಬ ಆಟಗಾರ' ಅಂತ ಐತಿ. ಅಂವ ಎಲ್ಲಿ ಹೋದ್ನರೀ?"

"ಅಂವಗ ಹೆಸರಿಲ್ಲಲ್ಲ. ಹೆಸರಿಡದ ಕೂಸನ್ನ ಅಪ್ಪ ಎಂದೂ ಪುಸ್ತಕಕ್ಕ ಏರಿಸಿದಂವಲ್ಲ."

"ಆಹಾ, ಏನ್ ಶ್ಯಾಣ್ಯಾರೊ! ತೊಟ್ಟಲದಾಗ ಹಾಕೂತನಕ ಕೂಸು ಮನ್ಯಾಗ ಇರೂದೇ ಇಲ್ಲೇನು? ಅಳೂದಿಲ್ಲೇನು, ಹಾಲು ಕುಡಿಯೂದಿಲ್ಲೇನು? ನಿಮ್ಮ ಪುಸ್ತಕದಾಗ ಇರಲಿಲ್ಲಂದ್ರ ಅದು ಸತ್ತಂಗೇನು?"

ಬಾಳಪ್ಪ ತುಣುಕು ಕಸಿದು ಆ ಸಾಲನ್ನು ಮತ್ತೆ ಓದಿದ. ಏಳು ತಲೆಮಾರಿನ ಅಭ್ಯಾಸ ಕಣ್ಣಿಗೆ ಕಟ್ಟಿದ ಬಟ್ಟೆ! ಬೇಸ್‌ಬಾಲಿನಲ್ಲಿ ಅದು ನಿತ್ಯದ ರೂಢಿ. ಇಂಥವನನ್ನು ಕೊಡುತ್ತೇವೆಂದು ಅದೇ ದಿನ ನಿಶ್ಚಯವಾಗದಿದ್ದರೆ, ಹೆಸರು ಆಮೇಲೆ ಹೇಳುತ್ತೇವೆಂದು ಮಾತು ಕೊಡುತ್ತಾರೆ. ಅದನ್ನು ಓದಿಯೂ ಅವನು ದಾಟಿ ಹೋಗಿದ್ದ. ದೇವರ ಗೂಡಿನ ಮುಂದೆ ನಿಂತು, "ಬಸವಣ್ಣ, ನಿನ್ನ ಬೆನ್ನ ಮ್ಯಾಲ ಕುಂತು ಸುಳ್ಳು ಹೇಳಿದಂಗಾತೋ," ಎಂದು ಗಲ್ಲ ಬಡಿದುಕೊಂಡ.

ಮರುದಿನದಿಂದ ಹುಡುಕಾಟ. ಓಹಾಯೋದ ಗ್ರಂಥಾಲಯಕ್ಕೆ ಪತ್ರ, ಫೋನು, ಮತ್ತೆ ಪತ್ರ. ಮೂರು ವಾರಕ್ಕೆ ದಪ್ಪ ಲಕೋಟೆ ಬಂತು. ಅದನ್ನು ಹಿಡಿದು ಬಾಳಪ್ಪ ನೇರ ತ್ಸಿರ್ನ್‌ಗಿಬಲ್ ಕೋಣೆಗೆ ನಡೆದ. ಇಲ್ಲೊಂದು ತೊಡಕಿತ್ತು: ಕ್ಲಬ್ಬಿನ ಕಾರ್ಯದರ್ಶಿಯೇ ಕಂಪನಿಯಲ್ಲಿ ಬಾಳಪ್ಪನ ಮೇಲಿನ ಅಧಿಕಾರಿ. ಬಾಳಪ್ಪನ ನೌಕರಿಯ ಒಪ್ಪಂದ ಮುಂದುವರಿಸುವ ಕಾಗದ ಆ ಮೇಜಿನ ಮೇಲೆಯೇ ರುಜುವಿಗೆ ಕಾದಿತ್ತು.

"ಹೆರ್ ಹೆಳವರ್, ಮುನ್ನೂರು ಪ್ರತಿ ಅಚ್ಚಾಗಿವೆ. ಶ್ಲುಸ್. ಮುಗಿಯಿತು."

"ಸಾಲು ತಪ್ಪಾಗಿದೆ. ತಪ್ಪು ನನ್ನದು."

"ಚೆಂದದ ಸಾಲು ಅದು, ಎಲ್ಲರಿಗೂ ಹಿಡಿಸಿದೆ. ನೀವು ಇಲ್ಲಿಗೆ ಬಂದದ್ದು ಪ್ರೋಗ್ರಾಮ್ ಬರೆಯಲು. ಅದರ ಕಡೆ ಲಕ್ಷ್ಯ ಇದ್ದರೆ ನಿಮಗೇ ಒಳ್ಳೆಯದು." ಮಾತಾಡುತ್ತ ಅವನು ಒಪ್ಪಂದದ ಕಾಗದವನ್ನು ಎರಡು ಬೆರಳಿನಿಂದ ತನ್ನತ್ತ ಎಳೆದುಕೊಂಡ.

ಬಾಳಪ್ಪ ಅದನ್ನು ನೋಡಿದ. ನೋಡಿ, "ಕ್ಲಬ್ಬಿನ ಇಪ್ಪತ್ತೈದನೆಯ ವರ್ಷದ ಹಬ್ಬದ ದಿನ ನಾನು ನಿಂತು ಹೇಳುತ್ತೇನೆ," ಎಂದು ಬಾಗಿಲು ಹಾಕಿಕೊಂಡು ಬಂದ.

ಹಬ್ಬದ ಮಧ್ಯಾಹ್ನ ಕ್ಲಬ್ಬಿನ ಅಂಗಳದ ತುಂಬ ಬೆಂಚು, ಜನ, ಬಾಗಿಲಲ್ಲಿ ಪುಸ್ತಿಕೆಯ ಪೆಟ್ಟಿಗೆ. ಭಾಷಣಗಳ ನಡುವೆ ಬಾಳಪ್ಪ ಎದ್ದ. ಹೆಗಲ ಮೇಲೆ ಅಪ್ಪನ ಕಂಬಳಿ.

"ನಾಳೆ, ಹೆರ್ ಹೆಳವರ್!" ಎಂದ ತ್ಸಿರ್ನ್‌ಗಿಬಲ್.

"ನಮ್ಮಲ್ಲಿ ಹೆಸರು ಹೇಳಲು ಶುರುಮಾಡಿದವನು ನಡುವೆ ಕೂರುವುದಿಲ್ಲ. ಕೇಳುವವರೂ ಏಳುವುದಿಲ್ಲ," ಎಂದ ಬಾಳಪ್ಪ ತನ್ನ ಮುರುಕು ಜರ್ಮನ್‌ನಲ್ಲಿ. "ಮೊದಲು ನನ್ನ ತಪ್ಪು. ಹೆಸರಿಲ್ಲದವನೊಬ್ಬನನ್ನು ನಾನು ಇಲ್ಲವೆಂದು ಬರೆದೆ. ಅವನಿದ್ದ."

ಕಣ್ಣು ಮುಚ್ಚಿದ. ಅಪ್ಪನ ಧಾಟಿ ತಾನಾಗಿ ಗಂಟಲಿಗೆ ಬಂತು.

"ರೇ ಡಾಕಿನ್ಸ್ ಬಿಟ್ಟುಹೋದ ಮನೆಗೆ ಆರು ತಿಂಗಳಿಗೆ ಬಂದವನು ಲೂಯಿಸ್ ಅರಾಯಾ! ಒಂಬತ್ತು ವರ್ಷ ಆಡಿದವನು! ಅರಾಯಾನ ಬದಲಿಗೆ ಬಂದವರಿಬ್ಬರು, ಡನ್ನಿಂಗ್ ಮತ್ತು ವಿಟ್ಲಾಕ್! ಡನ್ನಿಂಗ್ ಆಟ ಬಿಟ್ಟು ಮನೆ ಸೇರಿದ, ವಿಟ್ಲಾಕ್ ಉಳಿದ. ವಿಟ್ಲಾಕನ ಬದಲಿಗೆ ಬಂದವನು ಪೀಕ್, ಪೀಕನ ಬದಲಿಗೆ ಮೊರೇನೊ..."

ಬಿಯರ್ ಗ್ಲಾಸುಗಳ ಸದ್ದು ನಿಂತಿತು. ಮಕ್ಕಳು ಬೆಂಚಿನ ಮೇಲೆ ಮೊಣಕಾಲೂರಿ ಕೇಳಿದರು. ತ್ಸಿರ್ನ್‌ಗಿಬಲ್ ಎರಡು ಸಲ ಅರ್ಧ ಎದ್ದ. ಯಾರೂ ಏಳದ್ದು ನೋಡಿ ಎರಡು ಸಲವೂ ಕೂತ.

"ಮೊರೇನೊನ ಬದಲಿಗೆ ಬಂದವನು ಕೇಲಬ್ ಸ್ಟ್ರೌಡ್! ವಯಸ್ಸು ಇಪ್ಪತ್ತೆರಡು. ಹೋದ ಮಂಗಳವಾರ ಓಹಾಯೋದಲ್ಲಿ ಚೆಂಡು ಎಸೆದ, ತಂಡ ಗೆದ್ದಿತು. ಬಳ್ಳಿ ಹಸಿರಿದೆ!"

ರೇ ಎದ್ದು ನಿಂತಿದ್ದ.

"ಎಸೆಯುವುದು ಯಾವ ಕೈಯಲ್ಲಿ?"

"ಎಡಗೈ."

"ನನ್ನದೂ ಎಡಗೈಯೇ," ಎಂದ ರೇ. ಆಮೇಲೆ ಪಕ್ಕದ ಬೆಂಚಿನತ್ತ ತಿರುಗಿ, "ಬಾಯಿ ತೆರೆದುಕೊಂಡು ಏನು ನೋಡ್ತೀರೋ? ಬೆನ್ನು ನೆಟ್ಟಗೆ!" ಎಂದು ಮಕ್ಕಳನ್ನು ಗದರಿದ.

ಬಾಳಪ್ಪ ಬಾಗಿಲಿಗೆ ಹೋಗಿ ಪೆಟ್ಟಿಗೆ ಎತ್ತಿ ತಂದು ಮೇಜಿನ ಮೇಲಿಟ್ಟ. ಮೊದಲ ಪ್ರತಿ ತೆರೆದು, ಆ ಸಾಲಿನ ಮೇಲೆ ಗೆರೆ ಎಳೆದು, ಅಂಚಿನಲ್ಲಿ ಆರು ಹೆಸರು ಬರೆದ. ಬಸವೇಶ್ವರಿ ಚೀಲದಿಂದ ಇನ್ನೂ ಎರಡು ಪೆನ್ನು ತೆಗೆದಳು. ಒಂದು ತನಗೆ, ಒಂದು ರೇಗೆ.

"ಇದೆಲ್ಲ ಆಗುವುದಿಲ್ಲ!" ತ್ಸಿರ್ನ್‌ಗಿಬಲ್ ಮೇಜಿನ ಎದುರು ನಿಂತಿದ್ದ. "ಸೋಮವಾರ ನನ್ನ ಕೋಣೆಗೆ ಬನ್ನಿ. ನಿಮ್ಮ ಕಾಗದದ ಬಗ್ಗೆ ಮಾತಾಡುವುದಿದೆ."

"ಸೋಮವಾರ ಬರುತ್ತೇನೆ," ಎಂದ ಬಾಳಪ್ಪ ತಲೆ ಎತ್ತದೆ. "ಈಗ ಸ್ವಲ್ಪ ಸರಿದು ನಿಲ್ಲಿ. ಬೆಳಕಿಗೆ ಅಡ್ಡ ಇದ್ದೀರಿ. ಇನ್ನೂ ಇನ್ನೂರ ತೊಂಬತ್ತೊಂಬತ್ತು ಉಳಿದಿವೆ."